ಚೀಲದ ಶೆಡ್ಡಿನವರ ಉಚ್ಚೆ

ನಮ್ಮ ಶೆಡ್ಡಿಗೆ ಕಿಟಕಿ ಇಲ್ಲ. ಕಿಟಕಿ ಇಟ್ಟರೆ ಧೂಳು ಹೊರಗೆ ಹೋಗಿ ಊರಿನವರು ಗಲಾಟೆ ಮಾಡುತ್ತಾರೆ ಎಂದು ಕಾರ್ಖಾನೆಯವರು ಇಡಲೇ ಇಲ್ಲ. ಊರಿನವರ ಮೂಗಿಗೆ ಹೋಗಬಾರದು. ನಮ್ಮ ಮೂಗಿಗೆ ಹೋದರೆ ಅಡ್ಡಿಯಿಲ್ಲ.

ನಮ್ಮ ಊರು ಸೀದಿ ಮರ್ಝೂಗಿನಲ್ಲಿ ಫಾಸ್ಫೇಟಿನಿಂದ ಗೊಬ್ಬರ ಮಾಡುತ್ತಾರೆ. ಹೊಗೆ ಹೋಗುವ ದಾರಿಗೆ ಆಳಿಗಿಂತ ಉದ್ದದ ಬಟ್ಟೆಯ ಚೀಲಗಳನ್ನು ಕಟ್ಟಿರುತ್ತಾರೆ. ಹೊಗೆ ಚೀಲದ ಮೂಲಕ ಆಚೆ ಹೋಗುತ್ತದೆ, ಧೂಳು ಅದರಲ್ಲೇ ಉಳಿಯುತ್ತದೆ. ಧೂಳು ತುಂಬಿ ಚೀಲ ಕಟ್ಟಿಕೊಂಡಾಗ ಬಿಚ್ಚಿ ತಂದು ನಮ್ಮ ಮುಂದೆ ಸುರಿಯುತ್ತಾರೆ. ನಾವು ಅದನ್ನು ಕೋಲಿನಿಂದ ಬಡಿಯಬೇಕು, ಒದರಬೇಕು, ಹರಿದ ಕಡೆ ದಬ್ಬಣದಿಂದ ಹೊಲಿಯಬೇಕು. ಹದಿನೆಂಟು ಹೆಂಗಸರು. ಕಾರ್ಖಾನೆಯವರು ಕೇಳಿದರೆ ನಾವು ಗುತ್ತಿಗೆದಾರನ ಆಳುಗಳು. ಗುತ್ತಿಗೆದಾರನನ್ನು ಕೇಳಿದರೆ ನಾವು ಕಾರ್ಖಾನೆಯವರು. ಕಾಯಿಲೆ ಬಿದ್ದಾಗ ಯಾರವರೂ ಅಲ್ಲ.

ನನ್ನ ಪಕ್ಕದಲ್ಲಿ ಕೂತು ಹೊಲಿಯುತ್ತಿದ್ದವಳು ಮಬ್ರೂಕಾ. ಇಬ್ಬರೂ ಒಂದೇ ಓಣಿಯವರು, ಒಂದೇ ವರ್ಷ ಮದುವೆಯಾಗಿ ಬಂದವರು. ಮೊದಲು ಅವಳ ಕಾಲು ಊದಿತು. ಆಮೇಲೆ ಎಲುಬು ನೋವು ಶುರುವಾಯಿತು.

"ಒಳಗಿಂದ ಯಾರೋ ದಬ್ಬಣ ಹಾಕಿ ತಿರುಗಿಸ್ತಾರೆ ಕಣೇ ತಿಬ್ರಾ," ಎನ್ನುತ್ತಿದ್ದಳು.

ಕಾರ್ಖಾನೆಯ ವೈದ್ಯ ಲಸಾದ್ ಅವಳ ಕಾಲನ್ನು ಪೆನ್ನಿನ ತುದಿಯಿಂದ ಒತ್ತಿ ನೋಡಿದ. ಕೈಯಿಂದ ಮುಟ್ಟಲಿಲ್ಲ.

"ವಯಸ್ಸಾಯ್ತಲ್ಲಮ್ಮ. ಚಹಾಕ್ಕೆ ಸಕ್ಕರೆ ಕಡಿಮೆ ಮಾಡು."

"ನಾನು ಸಕ್ಕರೆ ಹಾಕೋದೇ ಇಲ್ಲ ಡಾಕ್ಟ್ರೇ."

"ಹಾಗಾದ್ರೆ ಉಪ್ಪು ಕಡಿಮೆ ಮಾಡು."

ಅವಳಿಗಿಂತ ಮುಂಚೆ ನಮ್ಮ ಶೆಡ್ಡಿನ ಮೂವರು ಹೀಗೇ ಉಪ್ಪು ಕಡಿಮೆ ಮಾಡಿ, ಕೊನೆಗೆ ದೊಡ್ಡ ಊರಿನ ಆಸ್ಪತ್ರೆಯಲ್ಲಿ ರಕ್ತ ಶುದ್ಧಿ ಮಾಡುವ ಯಂತ್ರಕ್ಕೆ ಮಲಗಿ, ಅಲ್ಲಿಂದ ಸಮಾಧಿಗೆ ಹೋದರು. ಮೂವರಿಗೂ ವಯಸ್ಸಾಗಿರಲಿಲ್ಲ.

ಮಬ್ರೂಕಾಳ ಮಗಳು ನಜ್ವಾ. ನಮ್ಮ ಓಣಿಯಲ್ಲಿ ಹುಟ್ಟಿ ವಿಜ್ಞಾನಿಯಾದವಳು ಅವಳೊಬ್ಬಳೇ. ಕಾರ್ಖಾನೆಯ ವಿದ್ಯಾರ್ಥಿವೇತನದಲ್ಲಿ ರಾಜಧಾನಿ ಟ್ಯೂನಿಸ್‌ಗೆ ಹೋದಳು. ಆ ವೇತನ ಕೊಟ್ಟ ದಿನ ಅವಳನ್ನು ಚಿಮಣಿಯ ಮುಂದೆ ನಿಲ್ಲಿಸಿ ಫೋಟೋ ತೆಗೆದರು. ಆ ಫೋಟೋ ಇವತ್ತಿಗೂ ಕಾರ್ಖಾನೆಯ ಕ್ಯಾಲೆಂಡರಿನಲ್ಲಿ ಬರುತ್ತದೆ. ಓದು ಮುಗಿಸಿ ಊರಿಗೇ ಬಂದಳು. ಕಾರ್ಖಾನೆಯವರು ದಾನ ಕೊಟ್ಟ ಸಂಶೋಧನಾ ಕೇಂದ್ರ, ಅದರಲ್ಲಿ ಕಾರ್ಖಾನೆಯವರೇ ದಾನ ಕೊಟ್ಟ ದೊಡ್ಡ ಯಂತ್ರ. ಆ ಯಂತ್ರ ಓಡಿಸಲು ಬರುತ್ತಿದ್ದದ್ದು ಇವಳೊಬ್ಬಳಿಗೆ. ಆದರೂ ಕೆಲಸ ಮಾತ್ರ ವರ್ಷ ವರ್ಷ ನವೀಕರಿಸುವ ಗುತ್ತಿಗೆ. ನಮ್ಮ ಹಾಗೇ. ಖರ್ಜೂರದ ಪ್ರೋಟೀನು, ಒಂಟೆ ಹಾಲಿನ ಪ್ರೋಟೀನು, ಸಮುದ್ರದ ಸೀಗಡಿಯ ಪ್ರೋಟೀನು ಎಂದು ಹನ್ನೆರಡು ವರ್ಷ ದುಡಿದಳು. ಅವಳು ಬರೆದ ಪ್ರತಿ ಪ್ರಬಂಧದ ಮೇಲೆ ಮೊದಲ ಹೆಸರು ನಿರ್ದೇಶಕ ಪ್ರೊಫೆಸರ್ ಶೆಡ್ಲಿಯದು. ಆ ಮನುಷ್ಯನಿಗೆ ಯಂತ್ರದ ಗುಂಡಿ ಎಲ್ಲಿದೆ ಎಂಬುದೂ ಗೊತ್ತಿರಲಿಲ್ಲ ಎಂದು ನಜ್ವಾ ನಗುತ್ತಿದ್ದಳು. ಆಗ ಅವಳು ನಗುತ್ತಿದ್ದಳು.

ತಾಯಿಯ ಕಾಲು ಊದಿದ ಮೇಲೆ ಅವಳು ಖರ್ಜೂರ ಬಿಟ್ಟಳು.

"ಚಿಕ್ಕಮ್ಮ, ನನಗೆ ನಿಮ್ಮೆಲ್ಲರ ಉಚ್ಚೆ ಬೇಕು," ಎಂದಳು ಒಂದು ದಿನ, ನನ್ನ ಅಡುಗೆಮನೆಯಲ್ಲಿ ರೊಟ್ಟಿ ಮುರಿಯುತ್ತಾ.

"ಥೂ! ಊಟದ ಹೊತ್ತಲ್ಲಿ ಎಂಥ ಮಾತೇ!"

"ಕೇಳು. ಮೂತ್ರಪಿಂಡ ಚೆನ್ನಾಗಿದ್ರೆ ಸಣ್ಣ ಸಣ್ಣ ಪ್ರೋಟೀನೆಲ್ಲಾ ವಾಪಸು ಎತ್ತಿಕೊಳ್ಳುತ್ತೆ. ನಿಮ್ಮ ಧೂಳಲ್ಲಿ ಕ್ಯಾಡ್ಮಿಯಂ ಅಂತ ಒಂದು ವಿಷ ಇದೆ. ಅದು ಕೂತು ಕೂತು ಮೂತ್ರಪಿಂಡದ ಕೈ ಮುರಿಯುತ್ತೆ. ಆಗ ಆ ಪ್ರೋಟೀನು ಉಚ್ಚೇಲಿ ಸೋರಿ ಹೋಗುತ್ತೆ. ಕಾಲು ಊದೋಕೆ ಎಷ್ಟೋ ವರ್ಷ ಮುಂಚೆ."

"ಅದನ್ನ ನಿನ್ನ ಯಂತ್ರ ನೋಡುತ್ತಾ?"

"ನೋಡಲ್ಲ, ತೂಗುತ್ತೆ. ಪ್ರೋಟೀನನ್ನ ಚೂರು ಮಾಡಿ ಹಾಕ್ತೀನಿ. ಒಂದೊಂದು ಚೂರಿಗೂ ಅದರದೇ ತೂಕ. ತೂಕ ಹೇಳಿದ್ರೆ ಯಾವುದರ ಚೂರು ಅಂತ ಗೊತ್ತಾಗುತ್ತೆ."

"ಸಂತೇಲಿ ತೂಗಿದ ಹಾಗೆ ಕಳ್ಳ ತೂಕ ಇಲ್ಲ ತಾನೇ?"

"ಯಂತ್ರಕ್ಕೆ ಕಳ್ಳತನ ಬರಲ್ಲ ಚಿಕ್ಕಮ್ಮ," ಎಂದಳು. ಪಾಪ, ಅವಳು ಯಂತ್ರದ ಬಗ್ಗೆ ಮಾತ್ರ ಯೋಚಿಸಿದ್ದಳು.

ಉಚ್ಚೆ ಸಂಗ್ರಹಿಸುವುದು ಎಲ್ಲಿ? ಮನೆಯಲ್ಲಿ ಗಂಡಸರಿದ್ದಾರೆ. ಶೆಡ್ಡಿನಲ್ಲಿ ಮೇಸ್ತ್ರಿ ಇದ್ದಾನೆ. ನಮ್ಮ ಹೆಂಗಸರು ಬಾಟಲಿ ಹಿಡಿದು ಬೀದಿಯಲ್ಲಿ ನಡೆಯುವವರಲ್ಲ. ಕೊನೆಗೆ ಊರಿನ ಸ್ನಾನದ ಮನೆ ಹಮ್ಮಾಮೇ ಸರಿ ಎಂದು ತೀರ್ಮಾನವಾಯಿತು. ಗುರುವಾರ ಮಧ್ಯಾಹ್ನ ಸ್ನಾನದ ಮನೆ ಹೆಂಗಸರಿಗೆ ಮೀಸಲು. ಬಕೆಟ್ಟು, ಮೈ ಉಜ್ಜುವ ಬಟ್ಟೆ, ಕಿತ್ತಳೆ ಹಣ್ಣು ಕಟ್ಟಿಕೊಂಡು ಎಲ್ಲರೂ ಬರುತ್ತಾರೆ. ನಜ್ವಾ ಒಳಕೋಣೆಯ ಮೂಲೆಯಲ್ಲಿ ಮಂಜುಗಡ್ಡೆಯ ಪೆಟ್ಟಿಗೆ ಇಟ್ಟುಕೊಂಡು ಕೂತಳು. ಒಬ್ಬೊಬ್ಬರೇ ಹೋಗಿ ಬಂದರು.

"ಲತೀಫಾ ಇನ್ನೂ ಹೊರಗೆ ಬಂದಿಲ್ಲ!"

"ಮದುವೆ ಆಗದ ಹುಡುಗಿ, ಅದಕ್ಕೂ ನಾಚಿಕೆ!"

"ನಲ್ಲಿ ಬಿಡ್ರೇ, ಸದ್ದು ಕೇಳಿದ್ರೆ ಬರುತ್ತೆ!"

ಅವತ್ತು ಮಬ್ರೂಕಾ ಕೂಡ ನಕ್ಕಳು. ಬಿಸಿನೀರು ಬಿದ್ದು ಎಲುಬು ಸ್ವಲ್ಪ ಸಡಿಲಾಗಿತ್ತು.

ವಾರ ಕಳೆದು ನಜ್ವಾ ಫಲಿತಾಂಶ ಹಿಡಿದು ಮನೆಗೆ ಬಂದಳು. ಹದಿನೆಂಟು ಬಾಟಲಿಯಲ್ಲಿ ಹದಿನಾಲ್ಕು ಸೋರುತ್ತಿದ್ದವು. ಅದರಲ್ಲಿ ನನ್ನದೂ ಒಂದು. ನನ್ನ ಕಾಲು ಊದಿರಲಿಲ್ಲ, ಎಲುಬು ನೋಯುತ್ತಿರಲಿಲ್ಲ. ನಾನು ಚೆನ್ನಾಗಿಯೇ ಇದ್ದೆ. ಅವತ್ತಿನಿಂದ ಚೆನ್ನಾಗಿರುವುದೇ ಒಂದು ಭಯವಾಯಿತು.

ಅವಳು ಫಲಿತಾಂಶವನ್ನು ಶೆಡ್ಲಿಯ ಮುಂದೆ ಇಟ್ಟಳು. ಆತ ಬೈಯಲಿಲ್ಲ. ಕುರ್ಚಿ ಎಳೆದು ಕೂರಿಸಿದನಂತೆ.

"ತುಂಬಾ ಒಳ್ಳೆಯ ಕೆಲಸ ಮಗಳೇ. ಆದ್ರೆ ಸ್ನಾನದ ಮನೇಲಿ? ಸೋಪು, ಉಗಿ, ನೂರು ಜನರ ಮೈ ಕೊಳೆ. ಯಾರಾದ್ರೂ ಒಪ್ತಾರಾ? ಕಾರ್ಖಾನೆಯ ಕ್ಲಿನಿಕ್‌ನಲ್ಲಿ ನಿಯಮದ ಪ್ರಕಾರ ಮತ್ತೆ ತೆಗೆಸೋಣ. ಲಸಾದ್ ನೋಡಿಕೊಳ್ತಾರೆ."

ನಾನು ಬೇಡ ಎಂದೆ. ನಜ್ವಾ ಕೇಳಲಿಲ್ಲ.

"ನಿಯಮದ ಪ್ರಕಾರ ಬಂದಿದ್ದನ್ನ ಯಾರೂ ತಳ್ಳಿಹಾಕೋಕೆ ಆಗಲ್ಲ ಚಿಕ್ಕಮ್ಮ. ನನಗೆ ಅದೇ ಬೇಕು."

ಓದಿದವರಿಗೆ ನಿಯಮದ ಮೇಲೆ ಇರುವ ನಂಬಿಕೆ ನೋಡಿದರೆ ನನಗೆ ಸಿಟ್ಟೂ ಬರುತ್ತದೆ, ಅಳುವೂ ಬರುತ್ತದೆ. ನಾವು ಕ್ಲಿನಿಕ್ಕಿಗೆ ಹೋದೆವು. ಆ ಹೊತ್ತಿಗೆ ಮಂಚ ಹಿಡಿದಿದ್ದ ಮಬ್ರೂಕಾಳ ಬಾಟಲಿಯನ್ನು ನಾನೇ ಒಯ್ದೆ. ಅಲ್ಲಿ ಇದ್ದವರೆಲ್ಲಾ ಗಂಡಸರು. ಹೆಸರು ಬರೆದ ಬಾಟಲಿಗಳನ್ನು ನಾವು ತಲೆವಸ್ತ್ರದಲ್ಲಿ ಸುತ್ತಿ, ಮುಖ ಆಚೆ ತಿರುಗಿಸಿ, ಪರದೆಯ ಹಿಂದಿನ ಬುಟ್ಟಿಯಲ್ಲಿ ಇಟ್ಟು ಓಡಿ ಬಂದೆವು. ಯಾರೊಬ್ಬರೂ ಹಿಂತಿರುಗಿ ನೋಡಲಿಲ್ಲ. ನಮ್ಮಲ್ಲಿ ಯಾವ ಹೆಂಗಸೂ ನೋಡುತ್ತಿರಲಿಲ್ಲ. ಲಸಾದ್‌ಗೆ ಅದು ಚೆನ್ನಾಗಿ ಗೊತ್ತಿತ್ತು.

ಅದರ ಮುಂದಿನ ವಾರ ನಜ್ವಾ ನನ್ನನ್ನು ಕೇಂದ್ರಕ್ಕೆ ಕರೆಸಿದಳು. ನಾನು ಆ ಯಂತ್ರ ನೋಡಿದ್ದು ಆಗಲೇ. ದೊಡ್ಡ ಅಲಮಾರಿಯ ಹಾಗಿತ್ತು. ಕೆಳಗೆ ಪಂಪು ಗುಂಯ್ ಎನ್ನುತ್ತಿತ್ತು. ಅವಳು ಬಾಗಿಲಿಗೆ ಬೋಲ್ಟು ಹಾಕಿದಳು.

"ಚಿಕ್ಕಮ್ಮ, ನಿಜ ಹೇಳು. ಕ್ಲಿನಿಕ್ಕಲ್ಲಿ ನೀನೇ ಬಾಟಲಿ ತುಂಬಿಸಿದ್ಯಾ?"

"ಇನ್ಯಾರು ತುಂಬಿಸ್ತಾರೆ? ಬಾಡಿಗೆಗೆ ಸಿಗುತ್ತಾ ಅದು?"

ಅವಳು ಪರದೆಯ ಮೇಲೆ ಒಂದು ಗೆರೆ ತೋರಿಸಿದಳು. ಮುಳ್ಳಿನ ಹಾಗೆ ಎದ್ದು ನಿಂತಿತ್ತು.

"ಇದು ಗಂಡಸರ ದೇಹದಲ್ಲಿ ತಯಾರಾಗೋ ಪ್ರೋಟೀನು. ಗಂಡಸರ ಉಚ್ಚೇಲಿ ಯಾವಾಗಲೂ ಇಷ್ಟು ಇರುತ್ತೆ. ನಿನ್ನ ಹೆಸರಿನ ಬಾಟಲೀಲಿ ಇದೆ. ಲತೀಫಾಳ ಬಾಟಲೀಲಿ ಇದೆ. ಎಲ್ಲರದ್ರಲ್ಲೂ ಇದೆ."

ನನಗೆ ಮೊದಲು ನಗು ಬಂತು. "ನನ್ನ ಗಂಡ ಸತ್ತು ಏಳು ವರ್ಷ ಆಯ್ತಲ್ಲೇ! ಈಗ ಬಂದನಾ?"

ಅವಳು ನಗಲಿಲ್ಲ. "ಎಸೆದಿದ್ದಾರೆ ಚಿಕ್ಕಮ್ಮ. ನಿಮ್ಮದನ್ನ ಚರಂಡಿಗೆ ಸುರಿದು, ಯಾರೋ ಗಂಡಸರ ಹತ್ತಿರ ತುಂಬಿಸಿದ್ದಾರೆ. ಐದು ಜನ. ಪ್ರೋಟೀನಿನ ಚಹರೆ ಮನುಷ್ಯರಿಂದ ಮನುಷ್ಯರಿಗೆ ಸ್ವಲ್ಪ ಬೇರೆ ಇರುತ್ತೆ. ಹದಿನೆಂಟು ಬಾಟಲೀಲಿ ಇರೋದು ಐದೇ ಚಹರೆ."

ಕೆಳಗೆ ಪಂಪು ಗುಂಯ್ಗುಡುತ್ತಲೇ ಇತ್ತು. ನಮ್ಮ ಸಾವನ್ನೂ ಕದಿಯುವ ಜನ ಇವರು.

ಶೆಡ್ಲಿಗೆ ಅವಳು ಹೇಳುವ ಮುಂಚೆಯೇ ಸುದ್ದಿ ಮುಟ್ಟಿತ್ತು. ಯಂತ್ರದ ಫಲಿತಾಂಶ ಅವನ ಕಂಪ್ಯೂಟರಿಗೂ ಹೋಗುತ್ತದಂತೆ. ಮರುದಿನದಿಂದ ನಮ್ಮ ಓಣಿಯ ತುದಿಯಲ್ಲಿ ಒಂದು ಬಿಳಿ ಕಾರು ನಿಲ್ಲತೊಡಗಿತು. ಒಳಗೆ ಇಬ್ಬರು ಸೂರ್ಯಕಾಂತಿ ಬೀಜ ತಿಂದು ಸಿಪ್ಪೆ ಉಗುಳುತ್ತಾ ಕೂತಿರುತ್ತಿದ್ದರು. ಯಾರಿಗೂ ಏನೂ ಹೇಳುತ್ತಿರಲಿಲ್ಲ. ನಾವು ರೊಟ್ಟಿ ತರಲು ಹೋದರೆ ಕಾರು ಹಿಂದೆಯೇ ನಿಧಾನಕ್ಕೆ ಬರುತ್ತಿತ್ತು.

ಶೆಡ್ಲಿ ಅವಳನ್ನು ಕರೆದ. ಖಾಯಂ ಹುದ್ದೆ, ವಿಭಾಗದ ಮುಖ್ಯಸ್ಥೆ, ಪ್ರಬಂಧದಲ್ಲಿ ಮೊದಲ ಹೆಸರು ಅವಳದೇ. ತಾಯಿಯ ಚಿಕಿತ್ಸೆ ರಾಜಧಾನಿಯ ದೊಡ್ಡ ಆಸ್ಪತ್ರೆಯಲ್ಲಿ. ಅವಳು ಮಾಡಬೇಕಾದದ್ದು ಇಷ್ಟೇ. ಎರಡನೆಯ ಸಲದ ಬಾಟಲಿಗಳ ಫಲಿತಾಂಶಕ್ಕೆ ಸಹಿ ಹಾಕಿ ಸುಮ್ಮನಿರುವುದು. ಆ ಗೆರೆಯ ಸುದ್ದಿ ಎತ್ತದಿರುವುದು.

ನಜ್ವಾ ಆ ಸಂಜೆ ತಾಯಿಯ ಕಾಲಿಗೆ ಎಣ್ಣೆ ಹಚ್ಚುತ್ತಾ ಕೂತಿದ್ದಳು. ನಾನೂ ಇದ್ದೆ.

"ಅಮ್ಮ, ನಾನು ಸಹಿ ಹಾಕಿದ್ರೆ ನಿನ್ನನ್ನ ಚೆನ್ನಾಗಿ ನೋಡ್ತಾರೆ."

"ನನ್ನ ನೋಡ್ತಾರೆ ಸರಿ. ತಿಬ್ರಾಳನ್ನ ಯಾರು ನೋಡ್ತಾರೆ?"

"ಹಾಕದಿದ್ರೆ ನಾನು ಇನ್ನೆಲ್ಲೂ ಯಂತ್ರ ಮುಟ್ಟೋಕೆ ಆಗಲ್ಲ ಅಮ್ಮ. ಈ ದೇಶದಲ್ಲಿ ಇಂಥ ಯಂತ್ರ ಎಷ್ಟಿವೆ? ಅವನ್ನೆಲ್ಲಾ ನೋಡಿಕೊಳ್ಳೋರು ಅವನ ಸ್ನೇಹಿತರು."

ಮಬ್ರೂಕಾ ಕಾಲು ಎಳೆದುಕೊಂಡಳು. "ನೀನು ಸಹಿ ಹಾಕಿದ ಕೈಯಲ್ಲಿ ನನಗೆ ಎಣ್ಣೆ ಹಚ್ಚಬೇಡ," ಎಂದಳು.

ಅವಳು ಹಾಗೆ ಹೇಳಬಾರದಿತ್ತು ಎಂದು ನನಗೆ ಅನ್ನಿಸಿತು. ಮಗಳ ಇಡೀ ಬದುಕು ಅದು. ಆದರೆ ನಾನೂ ಬಾಯಿ ಬಿಡಲಿಲ್ಲ, ಯಾಕೆಂದರೆ ಸೋರುತ್ತಿದ್ದವರಲ್ಲಿ ನಾನೂ ಒಬ್ಬಳು.

ಫಲಿತಾಂಶ ತಿಳಿಸುವ ಸಭೆ ಕಾರ್ಖಾನೆಯ ದೊಡ್ಡ ಹಾಲ್‌ನಲ್ಲಿ ನಡೆಯಿತು. ರಾಜಧಾನಿಯಿಂದ ಕಾರ್ಮಿಕ ಇಲಾಖೆಯ ಅಧಿಕಾರಿ ಬಂದಿದ್ದ. ನಮ್ಮನ್ನು ಹಿಂದಿನ ಸಾಲಿನಲ್ಲಿ ಕೂರಿಸಿದರು. ಬಾಗಿಲ ಬಳಿ ಕಾರ್ಖಾನೆಯ ಕಾವಲುಗಾರರು ನಿಂತಿದ್ದರು. ಶೆಡ್ಲಿ ಎದ್ದು ನಿಂತು ಚೆಂದವಾಗಿ ಮಾತಾಡಿದ. ಎರಡನೆಯ ಸಲ ನಿಯಮದ ಪ್ರಕಾರ ಸಂಗ್ರಹಿಸಿದ ಮಾದರಿಗಳು ಬಹುತೇಕ ಸ್ವಚ್ಛವಾಗಿವೆ, ಸ್ನಾನದ ಮನೆಯ ಮಾದರಿಗಳು ಕೆಟ್ಟಿದ್ದವು, ಚೀಲದ ಧೂಳಿನಿಂದ ಯಾರಿಗೂ ತೊಂದರೆಯಿಲ್ಲ ಎಂದ. ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದ.

ನಜ್ವಾ ಎದ್ದಳು.

"ಆ ಫಲಿತಾಂಶಕ್ಕೆ ನಾನು ಸಹಿ ಹಾಕಿಲ್ಲ. ಆ ಬಾಟಲಿಗಳಲ್ಲಿ ಇರೋದು ಈ ಹೆಂಗಸರದ್ದಲ್ಲ. ಗಂಡಸರದ್ದು."

ಹಾಲ್‌ನಲ್ಲಿ ಗುಜುಗುಜು ಎದ್ದಿತು. ಅವಳು ಆ ಪ್ರೋಟೀನಿನ, ಐದೇ ಚಹರೆಗಳ ವಿಷಯ ಹೇಳಿದಳು. ಲಸಾದ್ ನೆಲ ನೋಡತೊಡಗಿದ. ಆದರೆ ಶೆಡ್ಲಿ ಮುಗುಳ್ನಕ್ಕ. ಆ ನಗೆ ನಾನು ಸಾಯುವವರೆಗೂ ಮರೆಯುವುದಿಲ್ಲ.

"ನಮ್ಮ ವಿಜ್ಞಾನಿಗೆ ಒಂದು ವಿಷಯ ಮರೆತು ಹೋದ ಹಾಗಿದೆ. ಗಂಡಸಿನ ಪ್ರೋಟೀನು ಹೆಂಗಸಿನ ಬಾಟಲಿಗೆ ಬರೋದಕ್ಕೆ ದೇವರು ಒಂದು ಸಹಜವಾದ ದಾರಿ ಇಟ್ಟಿದ್ದಾನೆ. ಬಿಡಿಸಿ ಹೇಳಬೇಕಾ? ಹೆಂಗಸರು ಕೂತಿದ್ದಾರೆ."

ಮುಂದಿನ ಸಾಲಿನ ಗಂಡಸರು ನಕ್ಕರು. ಲತೀಫಾ ತಲೆವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು. ಅವಳಿಗೆ ಆ ತಿಂಗಳು ನಿಶ್ಚಿತಾರ್ಥ ಆಗಬೇಕಿತ್ತು. ನಾನು ಎದ್ದು ನಿಂತೆ.

"ನಾನು ವಿಧವೆ. ಏಳು ವರ್ಷ ಆಯ್ತು. ನನ್ನ ಬಾಟಲಿಗೆ ಯಾವ ದಾರೀಲಿ ಬಂತು, ಹೇಳಿ."

"ಅದನ್ನ ನೀನೇ ಹೇಳಬೇಕಮ್ಮ," ಎಂದ ಶೆಡ್ಲಿ.

"ಐದು ಗಂಡಸರು ಹದಿನೆಂಟು ಹೆಂಗಸರ ಹತ್ತಿರ ಹೋಗಿದ್ದಾರೆ ಅಂತೀರಾ ಸರ್?" ನಜ್ವಾ ಕೂಗಿದಳು. "ಒಂದೇ ವಾರದಲ್ಲಿ? ನನ್ನ ತಾಯಿಗೆ ಮಂಚದಿಂದ ಇಳಿಯೋಕೂ ಆಗಲ್ಲ!"

ಅಧಿಕಾರಿ ಸಭೆ ಮುಗಿಯಿತು ಎಂದ.

ಅವತ್ತಿನಿಂದ ನಾನು ಊರಿನಲ್ಲಿ ತಲೆಯೆತ್ತಿ ನಡೆಯುವಂತಿರಲಿಲ್ಲ. ಬೇಕರಿಯವನು ಚಿಲ್ಲರೆಯನ್ನು ಕೈಗೆ ಕೊಡದೆ ಮೇಜಿನ ಮೇಲೆ ಇಟ್ಟ. ನನ್ನ ಮಗ ಹಾತಿಮ್ ಕಾಫಿ ಅಂಗಡಿಯಲ್ಲಿ ಯಾರಿಗೋ ಹೊಡೆದು ಮುಖ ಊದಿಸಿಕೊಂಡು ಬಂದ, ಯಾಕೆ ಎಂದು ಹೇಳಲಿಲ್ಲ. ಲತೀಫಾಳ ನಿಶ್ಚಿತಾರ್ಥ ಮುರಿಯಿತು. ನಜ್ವಾಳ ಗುತ್ತಿಗೆ ನವೀಕರಣವಾಗಲಿಲ್ಲ. ಅವಳು ತನ್ನ ಪುಸ್ತಕ ತರಲು ಹೋದಾಗ ಬಾಗಿಲಿಗೆ ಹೊಸ ಬೀಗ ಇತ್ತು. ಬಾಗಿಲಿಗೆ ಕಿವಿಯಿಟ್ಟು ಕೇಳಿದಳಂತೆ. ಒಳಗೆ ಪಂಪಿನ ಸದ್ದು ಇರಲಿಲ್ಲ.

"ಆರಿಸಿಬಿಟ್ಟಿದ್ದಾರೆ ಚಿಕ್ಕಮ್ಮ. ನಾನು ಹನ್ನೆರಡು ವರ್ಷದಲ್ಲಿ ಒಂದು ದಿನವೂ ಆರೋಕೆ ಬಿಟ್ಟಿರಲಿಲ್ಲ," ಎಂದು ಹೇಳಿ ಮೊದಲ ಸಲ ನನ್ನ ಮುಂದೆ ಅತ್ತಳು.

ಆಮೇಲೆ ಕಾರ್ಖಾನೆಯವರು ತಮ್ಮ ದಯೆ ತೋರಿಸಿದರು. ಹೆಂಗಸರ ಆರೋಗ್ಯದ ಬಗ್ಗೆ ಕಾಳಜಿಯಿಂದ ಚೀಲದ ಶೆಡ್ಡಿನಿಂದ ಎಲ್ಲ ಹೆಂಗಸರನ್ನೂ ತೆಗೆದಿದ್ದೇವೆ, ಇನ್ನು ಮೇಲೆ ಆ ಕೆಲಸಕ್ಕೆ ಗಂಡಸರು ಎಂದರು. ಎಷ್ಟು ಸುಲಭ ನೋಡಿ. ಇನ್ನು ಮೇಲೆ ಬಾಟಲಿಯಲ್ಲಿ ಗಂಡಸಿನ ಪ್ರೋಟೀನು ಸಿಕ್ಕರೆ ಕೇಳುವವರಿಲ್ಲ. ಕೆಲಸವಿಲ್ಲದ ನಮ್ಮ ಮಕ್ಕಳೇ ಸಾಲುಗಟ್ಟಿದರು. ಹಾತಿಮ್ ಕೂಡ.

"ನಿನ್ನಮ್ಮನನ್ನ ತಿಂದ ಧೂಳು ಕಣೋ ಅದು."

"ಮನೇಲಿ ಕೂತು ಏನು ತಿನ್ನೋಣ, ಹೇಳು."

ಮಕ್ಕಳು ಕೆಲಸಕ್ಕೆ ಸೇರಬೇಕಿದ್ದ ಸೋಮವಾರ ಬೆಳಿಗ್ಗೆ ನಾವು ಹೆಂಗಸರು ಹೋಗಿ ಕಾರ್ಖಾನೆಯ ಗೇಟಿನ ಮುಂದೆ ಕೂತೆವು. ಮಬ್ರೂಕಾಳನ್ನು ತಳ್ಳುಗಾಡಿಯಲ್ಲಿ ತಂದೆವು. ಕುರಿಚರ್ಮ ಹಾಸಿ ನಡುವೆ ಕೂರಿಸಿದೆವು. ನಜ್ವಾ ತಾಯಿಯ ಪಕ್ಕ ಕೂತಳು. ನಮ್ಮ ಮಕ್ಕಳು ಆಚೆ ಬದಿಯಲ್ಲಿ ತಲೆ ತಗ್ಗಿಸಿ ನಿಂತರು. ನಮ್ಮನ್ನು ದಾಟಿಕೊಂಡು ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಬಿಳಿ ಕಾರು ಬಂದು ನಿಂತಿತು. ಪೊಲೀಸರ ವ್ಯಾನೂ ಬರುತ್ತಿದೆ ಎಂದು ಯಾರೋ ಹೇಳಿದರು. ಮೇಸ್ತ್ರಿ ಕಾವಲುಗಾರರಿಗೆ ಕೂಗಿದ.

"ಎಳೆದು ಹಾಕ್ರೋ ಇವರನ್ನ!"

ಐದು ಕಾವಲುಗಾರರು ಲಾಠಿ ಹಿಡಿದು ಬಂದರು. ಮುಂದೆ ಇದ್ದವನು ಅಮ್ಮಾರ್. ಗೇಟಿನ ಪಕ್ಕದ ಗೂಡಿನಲ್ಲಿ, ಚೀಲ ಇಳಿಸುವ ಜಾಗಕ್ಕೆ ಹತ್ತು ಹೆಜ್ಜೆ ದೂರದಲ್ಲಿ, ವರ್ಷಗಟ್ಟಲೆ ಕೂತವನು. ನನ್ನ ಮುಂದೆ ಬಂದು ನಿಂತ. ನಾನು ಕದಲಲಿಲ್ಲ. ಹೊಡೆಯುತ್ತಾನೆ ಎಂದುಕೊಂಡೆ.

ಅವನು ನನ್ನನ್ನು ಬಿಟ್ಟು ನಜ್ವಾಳ ಕಡೆ ತಿರುಗಿದ.

"ಮೇಡಂ, ಅವತ್ತು ಹಾಲ್‌ನಲ್ಲಿ ನಾನು ಬಾಗಿಲ ಹತ್ತಿರ ನಿಂತಿದ್ದೆ. ಪ್ರೊಫೆಸರ್ರು ಬಹುತೇಕ ಸ್ವಚ್ಛ ಅಂದ್ರು. ಬಹುತೇಕ ಅಂದ್ರೆ ಏನು?"

ನಜ್ವಾ ಅವನ ಮುಖ ನೋಡಿದಳು. "ಐದು ಜನರಲ್ಲಿ ಇಬ್ಬರದು ಸೋರ್ತಾ ಇತ್ತು. ಇನ್ನೂ ಶುರು. ಯಾರದ್ದು ಅಂತ ನನಗೆ ಗೊತ್ತಿಲ್ಲ. ಬಾಟಲಿ ಮೇಲೆ ಇದ್ದದ್ದು ಇವರ ಹೆಸರು."

"ಏನೋ ಮಾತಾಡ್ತಾ ನಿಂತೆ ಅಮ್ಮಾರ್!" ಮೇಸ್ತ್ರಿ ಹಿಂದಿನಿಂದ ಅರಚಿದ.

ಅಮ್ಮಾರ್ ತುಟಿ ಒದ್ದೆ ಮಾಡಿಕೊಂಡ. ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಡಾಕ್ಟರ್ ಲಸಾದ್ ನಮ್ಮ ಐದು ಜನರನ್ನ ಕರೆದು ಬಾಟಲಿ ಕೊಟ್ರು. ತುಂಬಿಸಿ ಕೊಡಿ, ಯಾಕೆ ಅಂತ ಕೇಳಬೇಡಿ ಅಂದ್ರು. ನಾನು ಮೂರು ತುಂಬಿಸಿದೆ. ಮೊದಲನೇದರ ಮೇಲೆ ತಿಬ್ರಾ ಅಂತ ಬರೆದಿತ್ತು."

ಆಚೆ ಬದಿಯಲ್ಲಿ ಹಾತಿಮ್ ತಲೆಯೆತ್ತಿದ. ಲತೀಫಾ ನನ್ನ ತೋಳು ಹಿಡಿದಳು. ಅಷ್ಟು ದಿನ ನಾನು ನುಂಗಿದ ಅವಮಾನವೆಲ್ಲಾ ಆ ಒಂದು ಮಾತಿನಲ್ಲಿ ತೊಳೆದು ಹೋಗಬೇಕಿತ್ತು. ಆದರೆ ನಾನು ನಜ್ವಾಳನ್ನೇ ನೋಡುತ್ತಿದ್ದೆ. ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ತಿಬ್ರಾ ಹೆಸರಿನ ಬಾಟಲಿ ಸ್ವಚ್ಛವಾಗಿರಲಿಲ್ಲ ಅಣ್ಣ," ಎಂದಳು.

ಅಮ್ಮಾರ್ ಲಾಠಿಯನ್ನು ನೆಲಕ್ಕೆ ಹಾಕಿದ. ನಾನು ಸರಿದು ಜಾಗ ಬಿಟ್ಟೆ. ಅವನು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತ.

ಸೈರನ್ ಕೂಗಿತು. ಮೇಸ್ತ್ರಿ ಏನೇನೋ ಬೈಯುತ್ತಿದ್ದ. ಉಳಿದ ನಾಲ್ವರು ಕಾವಲುಗಾರರು ಒಬ್ಬರ ಮುಖ ಒಬ್ಬರು ನೋಡಿದರು. ಅವರಲ್ಲಿ ಎಲ್ಲರಿಗಿಂತ ಚಿಕ್ಕವನು, ಇನ್ನೂ ಮದುವೆಯಾಗದವನು, ಎರಡು ಹೆಜ್ಜೆ ಮುಂದೆ ಬಂದ.

"ಮೇಡಂ," ಎಂದ, "ಲತೀಫಾ ಅಂತ ಬರೆದಿದ್ದ ಬಾಟಲಿ?"